ಏಳು ದೆವ್ವ, ಒಂದು ಬಾಗಿಲು

ಚನ್ನವೀರಪ್ಪನ ಫಜೀತಿ ಶುರುವಾದದ್ದು ಒಂದು ಜೊತೆ ಪಾದಗಳಿಂದ. ಅವು ಅವನ ಪಾದಗಳಲ್ಲ, ಮೋಹಿನಿಯವು.

ಮೋಹಿನಿಯ ಚಿತ್ರವನ್ನು ಅವನು ಮೂರು ವಾರ ಬೇಸ್‌ಮೆಂಟಿನಲ್ಲಿ ಕೂತು ಬರೆದಿದ್ದ. ಬಿಳಿ ಸೀರೆ, ಕೆಂಪು ಅಂಚು, ಸೊಂಟದವರೆಗೆ ಇಳಿಬಿಟ್ಟ ಕೂದಲು, ಎಲ್ಲ ಸರಿಯಾಗಿತ್ತು. ಪಾದಗಳನ್ನು ಮಾತ್ರ ಬೆಟಗೇರಿಯ ಅವನ ಅಜ್ಜಿ ಹೇಳುತ್ತಿದ್ದ ಹಾಗೆ ಹಿಂದುಮುಂದು ಮಾಡಿದ್ದ. ಹಿಮ್ಮಡಿ ಮುಂದೆ, ಬೆರಳು ಹಿಂದೆ. ದೆವ್ವದ ಗುರುತೇ ಅದು. ಕಾಲು ನೆಟ್ಟಗಿದ್ದರೆ ಅದು ದೆವ್ವ ಹೇಗಾದೀತು, ಯಾರದೋ ಮನೆಯ ಸೊಸೆಯಾದೀತು. ಇದು ಬೆಟಗೇರಿಯ ಮಕ್ಕಳಿಗೂ ಗೊತ್ತು. ಟೊರಾಂಟೊದ ಪ್ರಕಾಶಕರಿಗೆ ಗೊತ್ತಿರಲಿಲ್ಲ. ಗುರುವಾರ ಸಂಜೆ ಅವರಿಂದ ಫ್ಯಾಕ್ಸ್ ಬಂತು: "ಚಿತ್ರಗಳ ಫೋಟೋ ನೋಡಿದೆವು. ಆರು ಬಹಳ ಚೆನ್ನಾಗಿವೆ. ಏಳನೆಯದರಲ್ಲಿ ಕಾಲು ತಪ್ಪಾಗಿ ಕೂತಿವೆ, ದಯವಿಟ್ಟು ತಿದ್ದಿ. ನಾಳೆ ಸಂಜೆ ಐದಕ್ಕೆ ಕೊರಿಯರಿನವನು ಬಂದು ಏಳನ್ನೂ ಒಯ್ಯುತ್ತಾನೆ."

ಫ್ಯಾಕ್ಸ್ ಬಂದದ್ದು ಪಕ್ಕದ ಮನೆಯ ರಾಮಮೂರ್ತಿಗಳ ಮೆಷಿನ್ನಿಗೆ. ಟೊರಾಂಟೊ ಪಕ್ಕದ ರಿಚ್ಮಂಡ್ ಹಿಲ್ಲಿನ ಆ ಸಾಲುಮನೆಗಳಲ್ಲಿ ಕನ್ನಡದವರ ಮನೆ ಮೂರು. ನಡುವೆ ಚನ್ನವೀರಪ್ಪ. ಎಡಕ್ಕೆ ಬೆಂಗಳೂರಿನ ನಿವೃತ್ತ ಇಂಜಿನಿಯರ್, ಕನ್ನಡ ಸಂಘದ ಕಾರ್ಯದರ್ಶಿ ರಾಮಮೂರ್ತಿ. ಬಲಕ್ಕೆ ಉಡುಪಿ ಕಡೆಯ ಪುಷ್ಪಾವತಿ. ಮೂರು ಮನೆಗೂ ಫ್ಯಾಕ್ಸ್ ಮೆಷಿನ್ ಒಂದೇ ಇದ್ದದ್ದರಿಂದ, ಚನ್ನವೀರಪ್ಪನ ಕೈಗೆ ಕಾಗದ ಸಿಗುವ ಹೊತ್ತಿಗೆ ಮೋಹಿನಿಯ ಕಾಲಿನ ಸುದ್ದಿ ಮೂರೂ ಮನೆಗಳಲ್ಲಿ ಸುತ್ತು ಹೊಡೆದು ಬಂದಿತ್ತು.

ಈ ಕೆಲಸ ಅವನಿಗೆ ಎಷ್ಟು ಮುಖ್ಯ ಎಂಬುದನ್ನೂ ಹೇಳಿಬಿಡಬೇಕು. ಗದಗಿನಲ್ಲಿ ಅವನು ಹದಿನಾಲ್ಕು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ಹೆಂಡತಿ ಕೋಕಿಲಾಗೆ ನರ್ಸ್ ಕೆಲಸ ಸಿಕ್ಕಿ ಕೆನಡಾಕ್ಕೆ ಬಂದ ಮೇಲೆ, ಪಕ್ಕದ ಊರು ವಾನ್‌ನ ರಟ್ಟಿನ ಪೆಟ್ಟಿಗೆಯ ಫ್ಯಾಕ್ಟರಿಗೆ ಸೇರಿದ. ಅಲ್ಲಿ ಅವನ ಕುಂಚಕ್ಕೆ ಸಿಕ್ಕಿದ ಕೆಲಸ ಎರಡು: "ಈ ಕಡೆ ಮೇಲೆ" ಎಂದು ತೋರಿಸುವ ಬಾಣ, ಮತ್ತು ಒಳಗೆ ಒಡೆಯುವ ಸಾಮಾನಿದೆ ಎಂದು ತಿಳಿಸುವ ಗಾಜಿನ ಲೋಟ. ನಾಲ್ಕು ವರ್ಷ ಅದೇ ಬಾಣ, ಅದೇ ಲೋಟ. ಅಂಥವನಿಗೆ ಪೇಪರಿನ ಜಾಹೀರಾತೊಂದರ ದೆಸೆಯಿಂದ ಒಂದು ಕಾದಂಬರಿಗೆ ಚಿತ್ರ ಬರೆಯುವ ಈ ಕೆಲಸ ಸಿಕ್ಕಿತ್ತು. ಬರೆದಾಕೆ ಇಲ್ಲಿಯ ಹೆಂಗಸೇ. ಹರೆಯದಲ್ಲಿ ಮೂರು ತಿಂಗಳು ಹಂಪಿಯಲ್ಲಿದ್ದಳಂತೆ. ವಿನ್ನಿಪೆಗ್ಗಿನ ಹುಡುಗಿಯೊಬ್ಬಳು ಭಾರತದ ದೆವ್ವಗಳ ರಾಜ್ಯಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುವ ಕತೆ. ಅದಕ್ಕೆ ಬ್ರಹ್ಮರಾಕ್ಷಸ, ಬೇತಾಳ, ಕೊಳ್ಳಿದೆವ್ವ, ಯಕ್ಷಿ ಎಂದು ಏಳು ಚಿತ್ರ ಬೇಕು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಮುಂದಿನ ಎರಡು ಭಾಗವೂ ಅವನಿಗೇ. ತಡವಾದರೆ ಇನ್ನೊಬ್ಬ ಚಿತ್ರಕಾರ ಕುಂಚ ತೊಳೆದುಕೊಂಡು ಕಾದಿದ್ದಾನೆ.

ಅದಕ್ಕಿಂತ ಹೆಚ್ಚಾಗಿ, ಪುಸ್ತಕದ ಒಳಪುಟದಲ್ಲಿ ಹೆಸರು ಬರುತ್ತದೆ. ಶಾಲೆಯ ಗೋಡೆಗಳಿಗೆ ಅವನು ಬರೆದ ಚಿತ್ರಗಳಿಗೆ ಲೆಕ್ಕವಿಲ್ಲ, ಒಂದಕ್ಕೂ ಹೆಸರಿರಲಿಲ್ಲ. "ಚಿತ್ರಗಳು: ಚನ್ನವೀರಪ್ಪ" ಎಂದು ರಟ್ಟಿನ ಚೂರೊಂದರ ಮೇಲೆ ಇಂಗ್ಲಿಷಿನಲ್ಲಿ ಬರೆದು, ಹೇಗೆ ಕಾಣುತ್ತದೆ ನೋಡೋಣವೆಂದು ಬೇಸ್‌ಮೆಂಟಿನ ಗೋಡೆಗೆ ಒರಗಿಸಿ ಇಟ್ಟಿದ್ದ. ಬಹಳ ಚೆನ್ನಾಗಿ ಕಾಣುತ್ತಿತ್ತು.

ಶುಕ್ರವಾರ ಫ್ಯಾಕ್ಟರಿಗೆ ರಜೆ ಹಾಕಿದ. ಅದು ತೊಂಬತ್ತೇಳರ ಅಕ್ಟೋಬರ್ ಮೂವತ್ತೊಂದು. ಹಿಂದಿನ ದಿನವಷ್ಟೇ ದೀಪಾವಳಿ ಅಮಾವಾಸ್ಯೆ, ಅಂದು ಮಕ್ಕಳು ದೆವ್ವದ ವೇಷದಲ್ಲಿ ಮನೆಮನೆಗೆ ಬಂದು ಮಿಠಾಯಿ ಕೇಳುವ ಹ್ಯಾಲೋವೀನ್, ಮರುದಿನ ಕನ್ನಡ ರಾಜ್ಯೋತ್ಸವ. ಬೀದಿಯ ಬೇರೆಯವರೆಲ್ಲ ತಮ್ಮ ಹುಲ್ಲುಹಾಸಿನ ಮೇಲೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ನಿಲ್ಲಿಸಿ, ಕುಂಬಳಕಾಯಿ ಕೊರೆದು ಇಟ್ಟಿದ್ದರು. ಕೋಕಿಲಾ ಆಸ್ಪತ್ರೆಯ ಶಿಫ್ಟಿಗೆ ಹೊರಡುತ್ತ, "ಸಂಜಿಗೆ ಹುಡುಗೂರು ಬರ್ತಾವ್ರಿ, ಚಾಕಲೇಟ್ ಡಬ್ಬಿ ಫ್ರಿಜ್ ಮ್ಯಾಲೆ ಐತಿ. ನೀವು ತಿನ್ನಬ್ಯಾಡ್ರಿ," ಎಂದು ಹೇಳಿ ಹೋದಳು.

ಒಂಬತ್ತು ಗಂಟೆಗೆ ಚನ್ನವೀರಪ್ಪ ಪ್ರಕಾಶನದ ಸಂಪಾದಕಿ ಹೆಲೆನ್‌ಗೆ ಫೋನ್ ಹಚ್ಚಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ದೆವ್ವದ ಕಾಲಿನ ಶಾಸ್ತ್ರವನ್ನೆಲ್ಲ ವಿವರಿಸಿದ. ಹೆಲೆನ್ ಒಳ್ಳೆಯ ಹೆಂಗಸು. ಪೂರ್ತಿ ಕೇಳಿಸಿಕೊಂಡಳು.

"ನಿಮಗೆ ಗೊತ್ತಿತ್ತು, ಈಗ ನನಗೂ ಗೊತ್ತಾಯಿತು. ಪುಸ್ತಕ ಕೊಳ್ಳುವವರಿಗೆ ಯಾರು ಹೇಳಬೇಕು? ಚಿತ್ರಕಾರನಿಗೆ ಕಾಲು ಬರೆಯಲು ಬರುವುದಿಲ್ಲ ಅಂದುಕೊಳ್ಳುತ್ತಾರೆ," ಎಂದಳು.

"ಹಾಗಿದ್ದರೆ ಕಾಲಿನ ಸುತ್ತ ಮಂಜು ಹಾಕಿಬಿಡಲೇ?"

"ಕಾಲು ಬರೆಯಲು ಬಾರದವರೆಲ್ಲ ಮಂಜು ಹಾಕುತ್ತಾರೆ, ಚನ್ನವೀರಪ್ಪ. ಐದು ಗಂಟೆಗೆ ಕೊರಿಯರ್. ಒಂದು ದಿನವೂ ಮುಂದೆ ಹಾಕಲು ನನ್ನ ಕೈಯಲ್ಲಿಲ್ಲ."

ಕಾಲು ತಿರುಗಿಸುವುದೇನು ಮಹಾ ಎಂದು ನೀವು ಕೇಳಬಹುದು. ಚನ್ನವೀರಪ್ಪನಿಗೆ ಇದ್ದದ್ದು ಒಂದೇ ಕಷ್ಟ. ಎದುರಿಗೆ ಕಾಣದ್ದನ್ನು ಬರೆಯಲು ಅವನಿಗೆ ಬರುತ್ತಿರಲಿಲ್ಲ. "ಕಂಡದ್ದನ್ನ ಬರಿ, ಕಾಣದ್ದನ್ನ ಬಿಡು" ಎಂದು ಕಲಿಸಿದ ಗುರುಗಳ ಶಿಷ್ಯ ಅವನು. ಏಳು ದೆವ್ವಗಳನ್ನೂ ಕಂಡ ಮುಖಗಳಿಂದಲೇ ಬರೆದಿದ್ದ. ಮೋಹಿನಿಯ ಹಿಮ್ಮಡಿಗಳು ಕೂಡ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತ ಕೋಕಿಲಾಳವು. ಬ್ರಹ್ಮರಾಕ್ಷಸನನ್ನು ಸಂಘದ ಮೀಟಿಂಗಿನಲ್ಲಿ ಕೂತು, ಭಾಷಣ ಮಾಡುತ್ತಿದ್ದ ರಾಮಮೂರ್ತಿಗಳನ್ನು ಕದ್ದು ನೋಡುತ್ತ ಬರೆದದ್ದು. ಭಾಷಣ ಎರಡು ತಾಸು ನಡೆದದ್ದರಿಂದ ಹುಬ್ಬಿನ ಕೂದಲು ಕೂಡ ಲೆಕ್ಕ ತಪ್ಪದೆ ಬಂದಿತ್ತು.

ಪ್ಯಾಂಟು ಮಡಚಿ ಕೋಕಿಲಾಳ ಕನ್ನಡಿಯ ಮುಂದೆ ತಾನೇ ನಿಂತ. ತನ್ನ ಕಾಲು ನೋಡಿಕೊಂಡು ಮೋಹಿನಿಗೆ ಒಂದು ಜೊತೆ ಬರೆದ. ಮುಗಿದ ಮೇಲೆ ನೋಡಿದರೆ ಮೋಹಿನಿ ಸೀರೆ ಉಟ್ಟ ಕಬಡ್ಡಿ ಆಟಗಾರನ ಹಾಗೆ ನಿಂತಿದ್ದಳು. ಅಳಿಸಿದ. ಅಷ್ಟರಲ್ಲಿ ಹನ್ನೊಂದಾಗಿತ್ತು, ಬಾಗಿಲ ಬೆಲ್ಲೂ ಆಯಿತು.

ಬಂದವರು ರಾಮಮೂರ್ತಿ ಮತ್ತು ಪುಷ್ಪಾವತಿ. ಅವರ ಕೈಯಲ್ಲಿ ಸಂಘದ ಫೈಲು, ಇವರ ಕೈಯಲ್ಲಿ ನೀರುದೋಸೆಯ ತಟ್ಟೆ.

"ಏನ್ರೀ ಚನ್ನವೀರಪ್ಪನವರೇ, ಕಾಲು ಎಲ್ಲೀವರೆಗೆ ಬಂತು?" ಎಂದು ಕೇಳುತ್ತಲೇ ರಾಮಮೂರ್ತಿ ಬೇಸ್‌ಮೆಂಟಿನ ಮೆಟ್ಟಿಲು ಇಳಿದರು. ಪುಷ್ಪಾವತಿ ಹಿಂದೆಯೇ ಇಳಿದವರು, ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು.

ಬಟ್ಟೆ ಒಣಹಾಕುವ ಹಗ್ಗಕ್ಕೆ ಏಳು ದೆವ್ವಗಳನ್ನು ಸಾಲಾಗಿ ಕ್ಲಿಪ್ಪು ಹಾಕಿ ತೂಗುಬಿಟ್ಟಿತ್ತು. ಟ್ಯೂಬ್‌ಲೈಟಿನ ಕೆಳಗೆ ಏಳೂ ಅವರನ್ನೇ ನೋಡುತ್ತಿದ್ದವು.

"ಎಂತ ಸಾವು ಮಾರಾಯ್ರೆ ಇದು! ಏಳಕ್ಕೆ ಏಳೂ ಕಣ್ಣು ಬಿಡಿಸಿ ಇಟ್ಟಿದ್ದೀರಲ್ಲ!" ಎಂದರು ಪುಷ್ಪಾವತಿ.

"ಕಣ್ಣ ಇಲ್ದ ಹೆಂಗ ಬರೀಲಿ ಅಕ್ಕಾರ? ದೆವ್ವ ಏನ್ ಕುರುಡ ಇರ್ತಾವೇನ?"

ರಾಮಮೂರ್ತಿ ಕನ್ನಡಕ ಒರೆಸಿಕೊಂಡು ಬ್ರಹ್ಮರಾಕ್ಷಸನ ಮುಂದೆ ನಿಂತರು. ಚನ್ನವೀರಪ್ಪ ತೊಳೆದ ಕುಂಚವನ್ನೇ ಮತ್ತೆ ತೊಳೆಯತೊಡಗಿದ.

"ಇವನನ್ನ ಎಲ್ಲೋ ನೋಡಿದೀನಿ ಕಣ್ರೀ," ಎಂದರು ರಾಮಮೂರ್ತಿ. "ದಿನಾ ನೋಡಿರೋ ಹಾಗಿದೆ. ಎಲ್ಲಿ ಅಂತ ಹೊಳೀತಿಲ್ಲ. ಎಂಥ ಅಹಂಕಾರದ ಮುಖ ನೋಡಿ!"

ಪುಷ್ಪಾವತಿ ಚಿತ್ರವನ್ನೊಮ್ಮೆ, ರಾಮಮೂರ್ತಿಗಳನ್ನೊಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಪಕ್ಕದ ಯಕ್ಷಿಯ ಕಡೆ ತಿರುಗಿ, "ಇವಳು ಯಾರು? ಇವಳು ಮಾತ್ರ ಒಳ್ಳೆ ಲಕ್ಷಣ ಉಂಟು," ಎಂದರು. ಯಕ್ಷಿಯ ಮೂಗು, ಮೂಗುಬೊಟ್ಟು, ಎರಡನೆಯ ಗದ್ದ, ಮೂರೂ ಪುಷ್ಪಾವತಿಯವೇ ಆಗಿದ್ದವು.

ಚನ್ನವೀರಪ್ಪನ ಕಣ್ಣು ಅಷ್ಟರಲ್ಲಿ ಕೆಳಗೆ ಹೋಗಿತ್ತು. ಉಣ್ಣೆಯ ಕಾಲುಚೀಲದ ಮೇಲೆ ಕಾಲುಂಗುರ ತೊಟ್ಟ ಪುಷ್ಪಾವತಿಯ ಪಾದಗಳು ಎದುರಿಗೇ ಇದ್ದವು. ಹೆಂಗಸಿನ ಪಾದಗಳು, ಅದೂ ಮುಂದಕ್ಕೆ ನೋಡುವಂಥವು.

"ಅಕ್ಕಾರ, ಒಂದ ಅರ್ಧಾ ತಾಸು ಹಿಂಗ ನಿಂದರ್ತೀರೇನ್ರಿ? ಚೀಲಾ ತಗದು?"

ಪುಷ್ಪಾವತಿ ನಿಂತರು. ಆದರೆ ಬಾಯಿ ಸುಮ್ಮನೆ ನಿಲ್ಲಲಿಲ್ಲ. "ಕಾಲು ಬರೀರಿ, ಉಂಗುರ ಬರೀಬೇಡಿ ಮತ್ತೆ. ಮೋಹಿನಿಗೆ ಮದುವೆ ಆಗ್ಲಿಲ್ಲ, ಅವಳ ಸಂಕಟವೇ ಅದು. ಮತ್ತೆ ನನ್ನ ಮಾತು ಕೇಳಿ. ದೆವ್ವಗಳಿಗೆ ಕನ್ನಡಿಯಲ್ಲಿ ಮುಖ ಕಾಣುದಿಲ್ಲ, ಗೊತ್ತುಂಟಲ್ಲ?"

"ಹೂಂ," ಎಂದ ಚನ್ನವೀರಪ್ಪ, ಹೆಬ್ಬೆರಳು ಬರೆಯುತ್ತ.

"ಸಾವಿರ ವರ್ಷದಿಂದ ತಮ್ಮ ಮುಖ ಹೇಗುಂಟು ಅಂತ ನೋಡ್ಲಿಕ್ಕೆ ಆಗದ ಪಾಪದವು. ಈಗ ಯಾರೋ ಒಬ್ರು ಕಣ್ಣು ಮೂಗು ಸಮೇತ ಬರ್ದು ಇಟ್ಟಿದ್ದಾರೆ ಅಂತ ಗೊತ್ತಾದ್ರೆ ಬಾರದೆ ಇರ್ತವಾ? ನೀವಾದ್ರೆ ಬರುದಿಲ್ವಾ? ಅದೂ ಅಮಾವಾಸ್ಯೆ!"

"ಅಮಾವಾಸ್ಯೆ ಇಂಡಿಯಾ ಟೈಮಲ್ಲಿ ಆಗ್ಲೇ ಮುಗೀತು, ಪುಷ್ಪಾವತಿಯವರೇ," ಎಂದರು ರಾಮಮೂರ್ತಿ.

"ಅಲ್ಲಿ ಮುಗಿದದ್ದು ಎಲ್ಲಿಗೆ ಹೋಗ್ತದೆ? ಇಲ್ಲಿಗೇ ಬರುದಲ್ವಾ?"

ರಾಮಮೂರ್ತಿ ಬ್ರಹ್ಮರಾಕ್ಷಸನ ಕಡೆ ನೋಡಿ, ಬ್ರಹ್ಮರಾಕ್ಷಸ ತಮ್ಮ ಕಡೆ ನೋಡುವುದನ್ನೂ ನೋಡಿ, ದನಿ ತಗ್ಗಿಸಿದರು. "ನಾನು ಇದನ್ನೆಲ್ಲ ನಂಬೋನಲ್ಲ. ಆದ್ರೂ ನಾವು ಚಿಕ್ಕವರಿದ್ದಾಗ ಒಂದ್ಸಲ ಬೀದೀಲಿ ದೆವ್ವ ಓಡಾಡುತ್ತೆ ಅಂತ ಸುದ್ದಿ ಆಗಿತ್ತು. ಆಗ ನಮ್ಮ ತಾಯಿ ಒಂದು ಕೆಲಸ ಮಾಡಿದ್ರು..."

ಚನ್ನವೀರಪ್ಪನಿಗೆ ಅವರ ತಾಯಿ ಮಾಡಿದ ಕೆಲಸ ಕೇಳಲು ಪುರಸೊತ್ತಿರಲಿಲ್ಲ. ಗಂಟೆ ಒಂದಾಗುತ್ತ ಬಂದಿತ್ತು. ಎಡಗಾಲು ಮುಗಿದಿತ್ತು, ಬಲಗಾಲಿಗೆ ಬೆರಳು ಬಾಕಿ ಇದ್ದವು. ಅವನು ಕುಂಚ ಕೆಳಗಿಟ್ಟು ಕೈ ಮುಗಿದ.

"ಸರ್, ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನ್ರಿ. ಬಲಗಾಲು ನನ್ನ ಲಕ್ಷದಾಗ ಐತಿ, ನೀವಿನ್ನ ಹೋಗಬಹುದು. ನನಗ ಐದ ಗಂಟಿ ತನಕಾ ಉಸಿರಾಡಾಕೂ ಟೈಮಿಲ್ಲ. ಅಲ್ಲೀ ತನಕಾ ಯಾರನ್ನೂ ಒಳಗ ಬಿಡಬ್ಯಾಡ್ರಿ. ಯಾರಂದ್ರ ಯಾರನ್ನೂ."

"ಅದನ್ನೇ ನಾವೂ ಹೇಳುದು," ಎಂದರು ಪುಷ್ಪಾವತಿ, ಕಾಲುಚೀಲ ಏರಿಸಿಕೊಳ್ಳುತ್ತ. "ಸ್ವಲ್ಪ ಕೆಂಪು ಬಣ್ಣ ಕೊಡಿ ಹಾಗಾದ್ರೆ. ಒಂದು ಕುಂಚವೂ."

"ತಗೋರಿ, ತಗೋರಿ. ಏನಾರ ಬರಕೋರಿ," ಎಂದು ಚನ್ನವೀರಪ್ಪ ಕೆಂಪು ಬಣ್ಣದ ಡಬ್ಬಿಯನ್ನೇ ಎತ್ತಿ ಅವರ ಕೈಗೆ ಕೊಟ್ಟ. ನಾಳೆಯ ರಾಜ್ಯೋತ್ಸವಕ್ಕೆ ಏನೋ ಬ್ಯಾನರು ಬರೆಯುತ್ತಾರೆಂದು ಅವನ ತಿಳುವಳಿಕೆ. ಒಮ್ಮೆ ಒಣಗಿದರೆ ಯಾವ ದೇವರು ಬಂದರೂ ಅಳಿಸಲಾಗದ ಬಣ್ಣ ಅದು.

ಮೇಲೆ ಮುಂಬಾಗಿಲ ಹತ್ತಿರ ಬಹಳ ಹೊತ್ತು ಇಬ್ಬರೂ ವಾದ ಮಾಡುತ್ತಿರುವುದು ಕೇಳುತ್ತಿತ್ತು. "ಇಲ್ಲಿಯ ದೆವ್ವಕ್ಕೆ ಕನ್ನಡ ಬರ್ಬೇಕಲ್ಲ!" ಎಂಬುದು ಪುಷ್ಪಾವತಿಯ ದನಿ. "ಕೆಳಗೆ ಇಂಗ್ಲಿಷ್ ಇರ್ಲಿ, ಬೇಡ ಅನ್ನಲ್ಲ. ಆದ್ರೆ ಮೇಲೆ ಕನ್ನಡ, ಅಕ್ಷರ ದೊಡ್ಡದು. ಅದು ನಿಯಮ. ನಾಳೆ ನವೆಂಬರ್ ಒಂದು, ನೆನಪಿಟ್ಕೊಳ್ಳಿ," ಎಂಬುದು ರಾಮಮೂರ್ತಿಗಳದು. ಬ್ಯಾನರಿನ ವಿಷಯದಲ್ಲಿ ಸಂಘದವರು ಯಾವಾಗಲೂ ಹೀಗೇ ಜಗಳವಾಡುತ್ತಾರೆಂದು ಚನ್ನವೀರಪ್ಪ ತಲೆ ಎತ್ತಲಿಲ್ಲ.

ಮೂರೂವರೆಗೆ ಬಲಗಾಲು ಮುಗಿಯಿತು. ಸೀರೆಯ ಅಂಚನ್ನು ಪಾದದ ಮೇಲೆ ಇನ್ನೊಮ್ಮೆ ಎಳೆಯಬೇಕು ಎನ್ನುವಾಗ ಕೆಂಪಿನ ಡಬ್ಬಿ ನೆನಪಾಯಿತು. ಹೋಗಿ ತರಲು ಹೊತ್ತಿಲ್ಲ. ಹೋದರೆ ಮರಳಿ ಬರಲು ಅವರು ಬಿಡುವುದಿಲ್ಲ. ದೇವರ ಗೂಡಿನಿಂದ ಕುಂಕುಮದ ಭರಣಿ ತಂದು, ಗೋಂದಿನಲ್ಲಿ ಕಲಸಿ, ಮೋಹಿನಿಯ ಅಂಚನ್ನು ಎಳೆದು ಮುಗಿಸಿದ. ಎದ್ದು ನಿಂತು ನೋಡಿದ. ಪುಷ್ಪಾವತಿಯ ಪಾದಗಳ ಮೇಲೆ ಮೋಹಿನಿ ದೃಢವಾಗಿ ನಿಂತಿದ್ದಳು. ಅಜ್ಜಿ ನೋಡಿದ್ದರೆ ಬೈಯುತ್ತಿದ್ದಳು, ಆದರೆ ಚಿತ್ರ ಚಿತ್ರವಾಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಕಣ್ಣು ಒದ್ದೆಯಾಯಿತು.

ಬಣ್ಣವೂ ಒದ್ದೆಯಾಗಿತ್ತು. ಗಂಟೆ ನಾಲ್ಕೂ ಇಪ್ಪತ್ತು. ಕೋಕಿಲಾಳ ಹೇರ್ ಡ್ರೈಯರ್ ತಂದು ಮೋಹಿನಿಯ ಕಾಲಿಗೆ ಬಿಸಿಗಾಳಿ ಹಿಡಿದ. ಆ ಡ್ರೈಯರ್ ಹಳೆಯದು, ಅದರ ಸದ್ದಿನಲ್ಲಿ ಮನೆಯ ಮೇಲೆ ವಿಮಾನ ಇಳಿದರೂ ಕೇಳುವ ಹಾಗಿರಲಿಲ್ಲ. ಎಲ್ಲ ಒಣಗಿಸಿ, ನಡುವೆ ತೆಳುಗಾಗದ ಇಟ್ಟು ಏಳನ್ನೂ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ ಹತ್ತಿ ಬಂದಾಗ ಐದಕ್ಕೆ ಐದು ನಿಮಿಷ. ಮುಂಬಾಗಿಲ ಒಳಗಡೆ ಸ್ಟೂಲು ಹಾಕಿಕೊಂಡು, ಪೆಟ್ಟಿಗೆ ತೊಡೆಯ ಮೇಲಿಟ್ಟು, ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತ.

ಐದಾಯಿತು. ಐದೂ ಹತ್ತಾಯಿತು. ಕೊರಿಯರಿನವ ಬರಲಿಲ್ಲ. ವಿಚಿತ್ರವೆಂದರೆ ಚಾಕಲೇಟು ಕೇಳುವ ಮಕ್ಕಳೂ ಬರಲಿಲ್ಲ. ಮಕ್ಕಳ ಕಲರವ ಗೇಟಿನವರೆಗೆ ಕೇಳಿ ಬರುವುದು, ಬಾಗಿಲ ಹತ್ತಿರ ನಿಲ್ಲುವುದು, ಆಮೇಲೆ ವಾಪಸು ಹೋಗುವುದು. ಐದೂ ಇಪ್ಪತ್ತಕ್ಕೆ ತಡೆಯಲಾರದೆ ಹೆಲೆನ್‌ಗೆ ಫೋನ್ ಮಾಡಿದ.

"ನಾನೇ ಮಾಡುವವಳಿದ್ದೆ," ಎಂದಳು ಹೆಲೆನ್. ದನಿ ತಣ್ಣಗಿತ್ತು. "ಕೊರಿಯರಿನವನು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಿದ್ದನಂತೆ. ನಾಳೆ ಬಾ ಅಂತ ನೀವು ಬಾಗಿಲ ಮೇಲೆ ಬರೆದಿದ್ದೀರಂತೆ. ಮುಗಿಯದಿದ್ದರೆ ಫೋನ್ ಮಾಡಬಹುದಿತ್ತು."

ಚನ್ನವೀರಪ್ಪ ಫೋನ್ ಹಾಗೇ ಬಿಟ್ಟು ಓಡಿಹೋಗಿ ಬಾಗಿಲು ತೆಗೆದ. ಹಸಿರು ಬಾಗಿಲ ಹೊರಮೈ ಮೇಲೆ, ಅವನದೇ ಕೆಂಪು ಬಣ್ಣದಲ್ಲಿ, ಪುಷ್ಪಾವತಿಯ ರಂಗೋಲಿ ಕೈಯ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ನಾಳೆ ಬಾ. ಅದರ ಕೆಳಗೆ ನಿಯಮದ ಪ್ರಕಾರ ಸಣ್ಣದಾಗಿ ಅದೇ ಮಾತು ಇಂಗ್ಲಿಷಿನಲ್ಲಿ. ಬಣ್ಣ ಸೋರಿ ಅಕ್ಷರಗಳಿಂದ ಕೆಂಪು ಗೆರೆಗಳು ಹೊಸ್ತಿಲವರೆಗೆ ಇಳಿದಿದ್ದವು.

ಅವನು "ಅಯ್ಯೋ!" ಎಂದ ರಭಸಕ್ಕೆ ಎರಡೂ ಪಕ್ಕದ ಬಾಗಿಲು ತೆರೆದವು.

"ಬಂತಾ?" ಎಂದು ಕೇಳಿದರು ರಾಮಮೂರ್ತಿ.

"ಇದೇನ್ ಮಾಡೀರಿ ಸರ್? ಇದ್ಯಾಕ ಬರದೀರಿ?"

"ಬೆಳಗ್ಗೆ ಹೇಳ್ತಾನೇ ಇದ್ದೆ, ನೀವು ಕೇಳಿಸ್ಕೊಳ್ಲಿಲ್ಲ. ದೆವ್ವ ಬಾಗಿಲಿಗೆ ಬರುತ್ತೆ, ಓದುತ್ತೆ, ನಾಳೆ ಬರೋಣ ಅಂತ ಹೋಗುತ್ತೆ. ನಾಳೆ ಬಂದ್ರೂ ಅದೇ ಬರೆದಿರುತ್ತೆ. ಹೀಗೇ ಕೊನೇವರೆಗೂ. ನಮ್ಮ ತಾಯಿ ಇಡೀ ಬೀದಿ ಉಳಿಸಿದ್ರು ಸ್ವಾಮಿ!"

"ಐದು ಗಂಟೆ ತನಕ ಯಾರನ್ನೂ ಬಿಡ್ಬೇಡಿ ಅಂತ ಹೇಳಿದ್ದು ನೀವೇ ಅಲ್ವಾ?" ಎಂದರು ಪುಷ್ಪಾವತಿ. "ನಾನು ಮಧ್ಯಾಹ್ನದಿಂದ ಕಿಟಕಿಯಲ್ಲೇ ಕೂತಿದ್ದೇನೆ. ಒಂದು ಪಿಳ್ಳೆಯೂ ಒಳಗೆ ಬರ್ಲಿಲ್ಲ. ಕಂದು ಬಣ್ಣದ ಯೂನಿಫಾರ್ಮ್ ಹಾಕಿದ ದಡಿಯ ಒಬ್ಬ ಬಂದಿದ್ದ, ಕೊರಿಯರಿನವನ ವೇಷ. ಅಷ್ಟು ದೊಡ್ಡವನಾಗಿ ಇನ್ನೂ ಚಾಕಲೇಟ್ ಬೇಡುದಾ ಮಾರಾಯ್ರೆ, ನಾಚಿಕೆ ಬೇಡ್ವಾ? ಅವನೂ ಓದಿದ, ತಲೆ ಕೆರ್ಕೊಂಡ, ಹೋದ."

ಚನ್ನವೀರಪ್ಪ ಹೊಸ್ತಿಲ ಮೇಲೆ ಕೂತ. ಬೀದಿಯ ತುಂಬ ಬಿಳಿ ಬಟ್ಟೆ ಹೊದ್ದ ಪುಟ್ಟ ದೆವ್ವಗಳು ನಗುತ್ತ ಓಡಾಡುತ್ತಿದ್ದವು. ಬೇತಾಳ, ಯಕ್ಷಿ, ಬ್ರಹ್ಮರಾಕ್ಷಸ, ಮೂರು ತಿಂಗಳ ನಿದ್ದೆ, ಒಳಪುಟದ ಹೆಸರು, ಎಲ್ಲ ಆ ಎರಡು ಮಾತಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದವು. ಅವನಿಗೆ ಅಳು ಬಂತು. ಅಳಲು ಹೊತ್ತಿಲ್ಲವೆಂದು ನೆನಪಾಗಿ ಒಳಗೆ ಓಡಿ ಫೋನ್ ಎತ್ತಿದ.

ಹೆಲೆನ್ ಇನ್ನೂ ಲೈನಿನಲ್ಲಿದ್ದಳು. ಚನ್ನವೀರಪ್ಪ ಮುಚ್ಚುಮರೆಯಿಲ್ಲದೆ ಎಲ್ಲ ಒದರಿದ. ಚಿತ್ರ ಮುಗಿದಿದೆ, ಕಾಲು ಮುಂದಕ್ಕೇ ಇದೆ, ಪಕ್ಕದವರು ದೆವ್ವಕ್ಕೆಂದು ಬರೆದದ್ದನ್ನು ಕೊರಿಯರಿನವನು ಓದಿದ್ದಾನೆ, ದೆವ್ವ ಪ್ರತಿದಿನ ಬಂದು ಓದಿ ಹಿಂದಿರುಗುತ್ತದೆ, ಇದು ನಮ್ಮ ಕಡೆಯ 'ಸಿಸ್ಟಂ' ಎಂದ.

"ಇನ್ನೊಮ್ಮೆ ಹೇಳಿ," ಎಂದಳು ಹೆಲೆನ್. "ನಿಧಾನವಾಗಿ ಹೇಳಿ. ನಾನು ಬರೆದುಕೊಳ್ಳುತ್ತೇನೆ."

ಅವನು ನಿಧಾನವಾಗಿ ಹೇಳಿದ. ಹೆಲೆನ್ ಕಾದಂಬರಿಕಾರ್ತಿಗೆ ಫೋನ್ ಮಾಡಿ ಮತ್ತೆ ಮಾಡುತ್ತೇನೆಂದಳು. ಮುಕ್ಕಾಲು ತಾಸು ಚನ್ನವೀರಪ್ಪ ಫೋನಿನ ಮುಂದೆ ಚಾಕಲೇಟ್ ಡಬ್ಬಿ ಹಿಡಿದು ಕೂತ. ಮಕ್ಕಳು ಹೇಗೂ ಬರುತ್ತಿರಲಿಲ್ಲ.

ಫೋನ್ ಬಂತು. ಹೆಲೆನ್‌ಳ ದನಿಯಲ್ಲಿ ಆಗಿನ ತಣ್ಣನೆಯ ಸುಳಿವೇ ಇರಲಿಲ್ಲ. "ಚನ್ನವೀರಪ್ಪ, ಲೇಖಕಿಗೆ ಎಷ್ಟು ಸಂತೋಷವಾಗಿದೆ ಅಂದರೆ ಹೇಳಲಾರೆ! ನೀವು ಕೊಟ್ಟದ್ದು ಏನು ಅಂತ ನಿಮಗೇ ಗೊತ್ತಿಲ್ಲ. ಗಡುವಿನ ಚಿಂತೆ ಬಿಡಿ, ಅಚ್ಚಿನವರ ಹತ್ತಿರ ನಾನು ಮಾತಾಡಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಕೊರಿಯರಿನವರು ಬರುತ್ತಾರೆ. ದಯವಿಟ್ಟು ಬಾಗಿಲ ಮೇಲಿನದನ್ನು ಮುಟ್ಟಬೇಡಿ."

ಆ ರಾತ್ರಿ ಊಟಕ್ಕೆ ಮುಂಚೆ ಚನ್ನವೀರಪ್ಪ ಅಕ್ಕಪಕ್ಕದವರನ್ನು ಕರೆದು, ದೀಪಾವಳಿಗೆಂದು ಜೆರಾರ್ಡ್ ಸ್ಟ್ರೀಟಿನ ಇಂಡಿಯನ್ ಅಂಗಡಿಯಿಂದ ತಂದಿಟ್ಟ ಪೇಡೆಯ ಡಬ್ಬಿ ಬಿಚ್ಚಿದ. "ನಿಮ್ಮಿಂದ ಮುಳುಗಿದ್ದೆ, ನಿಮ್ಮಿಂದನ ತೇಲಿದ್ನಿ ನೋಡ್ರಿ," ಎಂದು ಪುಷ್ಪಾವತಿಗೆ ಎರಡು ಹೆಚ್ಚಾಗಿಯೇ ಕೊಟ್ಟ. ಶಿಫ್ಟು ಮುಗಿಸಿ ಬಂದ ಕೋಕಿಲಾ ಮಾತ್ರ ಗ್ಯಾರೇಜಿನಿಂದ ಒಳಗೆ ಬಂದವಳು, ಖಾಲಿ ಚಾಕಲೇಟ್ ಡಬ್ಬಿಯನ್ನೂ ಗಂಡನ ಮುಖವನ್ನೂ ನೋಡಿ, "ಎಷ್ಟ ಹುಡುಗೂರು ಬಂದಿದ್ದೂರೀ?" ಎಂದು ಕೇಳಿದಳು. ಚನ್ನವೀರಪ್ಪ ಉತ್ತರಕ್ಕೆ ಇನ್ನೊಂದು ಪೇಡೆ ಬಾಯಿಗೆ ಹಾಕಿಕೊಂಡ.

ಶನಿವಾರ ಹತ್ತಕ್ಕೆ ಸರಿಯಾಗಿ ಅದೇ ಕಂದು ಯೂನಿಫಾರ್ಮಿನವನು ಬಂದ. ಬರೆದ ಮಾತಿಗೆ ಬೆಲೆ ಕೊಟ್ಟು ಬಂದವನ ಹಾಗೆ, ಬಾಗಿಲ ಕಡೆ ಬೆರಳು ತೋರಿಸಿ ನಕ್ಕ. ಅವನ ಹಿಂದೆ ಒಂದು ವ್ಯಾನು, ವ್ಯಾನಿನಿಂದ ಇಳಿದ ಇಬ್ಬರು ಬಡಗಿಗಳು. ಚನ್ನವೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಏಳು ದೆವ್ವದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನೀಡಿದ.

ಕೊರಿಯರಿನವನು ಪೆಟ್ಟಿಗೆಯನ್ನು ನೋಡಿದ, ತನ್ನ ಚೀಟಿಯನ್ನು ನೋಡಿದ, ತಲೆ ಅಲ್ಲಾಡಿಸಿದ. ಬಡಗಿಗಳು ಸ್ಕ್ರೂಡ್ರೈವರ್ ತೆಗೆದು ಬಾಗಿಲ ಕೀಲು ಬಿಚ್ಚತೊಡಗಿದರು.

"ಇದೇನ್ ಮಾಡ್ಲಿಕತ್ತಾರಿವ್ರು!" ಎಂದು ಕೋಕಿಲಾ ಅಡಿಗೆಮನೆಯಿಂದ ಓಡಿ ಬಂದಳು. ಚನ್ನವೀರಪ್ಪ ಹೆಲೆನ್ ಕೊಟ್ಟಿದ್ದ ಮನೆಯ ನಂಬರಿಗೆ ಫೋನ್ ಹಚ್ಚಿದ.

"ನಾನು ನಿನ್ನೆ ಹೇಳಲಿಲ್ಲವೇ?" ಎಂದಳು ಹೆಲೆನ್ ಅಚ್ಚರಿಯಿಂದ. "ಸಂತೋಷದ ಭರದಲ್ಲಿ ಮರೆತೆನೇನೋ. ಲೇಖಕಿ ಇಡೀ ಕಾದಂಬರಿಯನ್ನು ಬದಲಿಸುತ್ತಿದ್ದಾರೆ. ದೆವ್ವ ಯಾರಿಗೂ ಕಾಣುವುದಿಲ್ಲ. ಬಾಗಿಲ ಹೊರಗೆ ನಿಂತು ಓದುತ್ತದೆ, ಹೋಗುತ್ತದೆ. ಕಾಣುವ ದೆವ್ವಕ್ಕಿಂತ ಕಾಣದ ದೆವ್ವವೇ ಭಯಂಕರ ಅಲ್ಲವೇ? ಹಾಗಾಗಿ ಒಳಗೆ ಚಿತ್ರವೇ ಬೇಡ. ಮುಖಪುಟಕ್ಕೆ ಆ ಬಾಗಿಲು ಸಾಕು. ಸೋರಿದ ಬಣ್ಣ, ಎದ್ದ ಚಕ್ಕೆ, ಎಲ್ಲ ಸಮೇತ ಸ್ಟುಡಿಯೋದಲ್ಲಿ ಫೋಟೋ ತೆಗೆಸುತ್ತೇವೆ. ನಿಮಗೂ ಅನುಕೂಲವಾಯಿತು ನೋಡಿ, ಕಾಲಿನ ತಕರಾರೇ ಇಲ್ಲ!"

"ನನ್ನ ಹೆಸರು?" ಎಂದು ಕೇಳಿದ ಚನ್ನವೀರಪ್ಪ.

"ಇದೆ, ಇದೆ. ಒಳಪುಟದಲ್ಲೇ ಇರುತ್ತದೆ. ಚೀಟಿಯಲ್ಲಿ ಬರೆದಿದ್ದೇನೆ, ಕಾಗುಣಿತ ಸರಿಯಿದೆಯಾ ನೋಡಿ ಸಹಿ ಹಾಕಿ ಕೊಡಿ."

ಕೊರಿಯರಿನವನು ಚೀಟಿ ಮುಂದೆ ಹಿಡಿದ. ಅದರಲ್ಲಿ ಮೂರು ಸಾಲಿದ್ದವು. ಅಕ್ಷರ: ಪುಷ್ಪಾವತಿ. ಸಲಹೆ: ರಾಮಮೂರ್ತಿ. ಬಾಗಿಲು: ಚನ್ನವೀರಪ್ಪ. ಕಾಗುಣಿತ ಸರಿಯಾಗಿಯೇ ಇತ್ತು. ಅವನು ಸಹಿ ಹಾಕಿದ.

ಅಷ್ಟರಲ್ಲಿ ಅಕ್ಕಪಕ್ಕದವರೂ ಬಂದು ಚೀಟಿ ಓದಿ ಆಗಿತ್ತು. "ಸಲಹೆ ಅನ್ನೋದು ಮೊದಲು ಬರ್ಬೇಕಿತ್ತು, ಆಮೇಲೆ ಅಕ್ಷರ. ಅದು ನಿಯಮ," ಎಂದು ರಾಮಮೂರ್ತಿ ಮುಖ ಗಂಟು ಹಾಕಿದರು. ಆಗ ಅವರು ಥೇಟು ಬ್ರಹ್ಮರಾಕ್ಷಸನ ಹಾಗೇ ಇದ್ದರು. ಪುಷ್ಪಾವತಿ ಮಾತ್ರ ಚನ್ನವೀರಪ್ಪನ ಹತ್ತಿರ ಬಂದು, ಪಿಸುಮಾತಿನಲ್ಲಿ ಕೇಳಿದರು: "ಪುಸ್ತಕಕ್ಕೆ ನನ್ನ ಮುಖದ್ದೂ ಒಂದು ಚಿತ್ರ ಬೇಕಾಗ್ಬಹುದು. ನೀವು ಬರ್ದು ಕೊಡ್ತೀರಾ? ಆ ಯಕ್ಷಿ ಉಂಟಲ್ಲ, ಅಷ್ಟು ಲಕ್ಷಣ ಬಂದ್ರೆ ಸಾಕು."

ಬಡಗಿಗಳು ಬಾಗಿಲನ್ನು ಕಂಬಳಿಯಲ್ಲಿ ಸುತ್ತಿ, ಹೆಣ ಎತ್ತಿದ ಹಾಗೆ ಎತ್ತಿಕೊಂಡು ಹೋದರು. ಖಾಲಿ ಚೌಕಟ್ಟಿಗೆ ಒಂದು ಪ್ಲೈವುಡ್ ಹಲಗೆ ಬಡಿದು, ಗಾಳಿ ನುಗ್ಗದಿರಲೆಂದು ಅದರ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹೊಡೆದಿದ್ದರು. ರಟ್ಟು ವಾನ್‌ನ ಫ್ಯಾಕ್ಟರಿಯದೇ. ಮೇಲೆ ಚನ್ನವೀರಪ್ಪನ ಕೈಯದೇ ಬಾಣ, ಅವನದೇ ಗಾಜಿನ ಲೋಟ, ಎರಡೂ ತಲೆಕೆಳಗಾಗಿ ಕೂತಿದ್ದವು. ಒಟ್ಟಿನಲ್ಲಿ ಅವನ ಚಿತ್ರವೊಂದು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಪ್ರಕಟವಾದಂತಾಯಿತು.

ಹೊಸ ಬಾಗಿಲನ್ನು ಸೋಮವಾರ ಕಳಿಸುವುದಾಗಿ ಹೆಲೆನ್ ಮಾತು ಕೊಟ್ಟಿದ್ದಳು. ಸೋಮವಾರ ಬರಲಿಲ್ಲ. ಮಂಗಳವಾರ ಹಿಮ ಬಿತ್ತು. ಚನ್ನವೀರಪ್ಪ ಫ್ಯಾಕ್ಟರಿಯಿಂದ ಬಂದವನೇ ಕೋಟು ಬಿಚ್ಚದೆ ಹೆಲೆನ್ ಹೇಳಿದ ಬಾಗಿಲಿನ ಅಂಗಡಿಗೆ ಫೋನ್ ಮಾಡತೊಡಗಿದ. ಬುಧವಾರವೂ ಮಾಡಿದ, ಗುರುವಾರವೂ ಮಾಡಿದ. ಪ್ಲೈವುಡ್ಡಿನ ಸಂದಿಯಿಂದ ಬರುವ ಗಾಳಿಗೆ ಶಾಲು ಹೊದ್ದು ಕೂತ ಕೋಕಿಲಾ, ಅವನು ಫೋನ್ ಇಡುವುದನ್ನೇ ಕಾಯುತ್ತಿದ್ದಳು.

"ಇವತ್ತ ಏನಂದ್ರು?"

"ಅದನ್ನ ಅಂದ್ರು," ಎಂದ ಚನ್ನವೀರಪ್ಪ. "ನಾಳೆ ಬರ್ತೈತಂತ."